ಬೃಹತ್ ಬಹುಆಟಗಾರ ಆನ್‌ಲೈನ್ ಪಾತ್ರಾಭಿನಯ ಆಟಗಳ ಸ್ಥಗಿತತೆ

ಸಾವಿರಾರು ಜನರು ಅಂತರಜಾಲದ ಮೂಲಕ ಒಂದೇ ಕಾಲ್ಪನಿಕ ಲೋಕವನ್ನು ಪ್ರವೇಶಿಸಿ, ತಾವು ರೂಪಿಸಿಕೊಂಡ ಪಾತ್ರಗಳಾಗಿ ಆಡುವ ಗಣಕಯಂತ್ರದ ಆಟಗಳನ್ನು ಬೃಹತ್ ಬಹುಆಟಗಾರ ಆನ್‌ಲೈನ್ ಪಾತ್ರಾಭಿನಯ ಆಟಗಳು (ಸಂಕ್ಷಿಪ್ತವಾಗಿ ಎಂಎಂಒಆರ್‌ಪಿಜಿ) ಎಂದು ಕರೆಯಲಾಗುತ್ತದೆ. 2004ರಲ್ಲಿ ಬಿಡುಗಡೆಯಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಹಾಕಿಕೊಟ್ಟ ಮಾದರಿಯಿಂದ ಈ ಪ್ರಕಾರವು ಹೆಚ್ಚು ಮುಂದೆ ಸಾಗಿಲ್ಲ ಎಂಬ ಅಸಮಾಧಾನ ಆಟಗಾರರಲ್ಲಿಯೂ ವಿನ್ಯಾಸಕಾರರಲ್ಲಿಯೂ ಬಹುಕಾಲದಿಂದ ಇದೆ. ಕಲ್ಪನೆಯ ಕೊರತೆಗಿಂತಲೂ ಹೆಚ್ಚಾಗಿ, ನಿರ್ಮಾಣದ ಅಪಾರ ವೆಚ್ಚ, ಆದಾಯದ ಮಾದರಿ ಮತ್ತು ಆಟಗಾರರ ಬದಲಾದ ಅಭ್ಯಾಸಗಳು ಇದಕ್ಕೆ ಕಾರಣವಾಗಿವೆ. ವಿದೇಶಿ ಆಟಗಳಿಗೆ ಬೇಕಾದ ಚಿತ್ರಕೆಲಸ ನಡೆಯುವ ಬೆಂಗಳೂರಿನಂತಹ ನಗರದಲ್ಲಿ ಈ ಸ್ಥಗಿತತೆಗೆ ದೂರದ ಸರ್ವರ್, ಹೊಂದದ ಸಮಯ ಹಾಗೂ ಡಾಲರ್ ದರ ಎಂಬ ಬೇರೆ ಮುಖಗಳೂ ಇವೆ.

ಪ್ರಕಾರದ ಸ್ವರೂಪ

ಸಾಮಾನ್ಯ ವಿಡಿಯೊ ಆಟವು ಆಟಗಾರ ಯಂತ್ರವನ್ನು ಆರಿಸಿದೊಡನೆ ನಿಲ್ಲುತ್ತದೆ. ಎಂಎಂಒಆರ್‌ಪಿಜಿಯ ಲೋಕ ಆಟಗಾರ ಇಲ್ಲದಿರುವಾಗಲೂ ಸರ್ವರ್‌ನಲ್ಲಿ ನಡೆಯುತ್ತಲೇ ಇರುತ್ತದೆ. ಅಲ್ಲಿ ಮಾರುಕಟ್ಟೆ, ಸಂಘ, ಸ್ನೇಹ ಮತ್ತು ವೈರಗಳು ಬೆಳೆಯುತ್ತವೆ. ಈ ನಿರಂತರತೆಯೇ ಇದನ್ನು ಇತರ ಆಟಗಳಿಂದ ಬೇರೆ ಮಾಡುವ ಲಕ್ಷಣ. ಆಟಗಾರ ಸೇವಾದಾರರ ಸರ್ವರ್‌ನ ಮೇಲೆ ಸಂಪೂರ್ಣವಾಗಿ ಅವಲಂಬಿತನಾಗಿರುವುದಕ್ಕೂ ಇದೇ ಕಾರಣ.

ಹಿನ್ನೆಲೆ

ಈ ಪ್ರಕಾರದ ಮೂಲ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ರೂಪಿಸಿದ ‘ಮಡ್’ ಎಂಬ ಅಕ್ಷರಾಧಾರಿತ ಆಟದಲ್ಲಿದೆ. ಬಾರ್ಟಲ್ 1996ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಸಮಾಜಪ್ರಿಯರು ಮತ್ತು ಇತರರ ಮೇಲೆ ಎರಗುವವರು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಈ ನಾಲ್ವರಿಗೂ ಎಡೆ ಇರುವ ಲೋಕವನ್ನು ಕಟ್ಟುವುದೇ ಅಂದಿನ ವಿನ್ಯಾಸಕಾರರ ಗುರಿಯಾಗಿತ್ತು.

1996ರಲ್ಲಿ ಮೆರಿಡಿಯನ್ 59, 1997ರಲ್ಲಿ ಅಲ್ಟಿಮಾ ಆನ್‌ಲೈನ್, 1998ರಲ್ಲಿ ಕೊರಿಯಾದ ಲಿನೇಜ್ ಮತ್ತು 1999ರಲ್ಲಿ ಎವರ್‌ಕ್ವೆಸ್ಟ್ ಬಿಡುಗಡೆಯಾದವು. ಇವು ಪರಸ್ಪರ ಬಹಳ ಭಿನ್ನವಾಗಿದ್ದವು. ಅಲ್ಟಿಮಾ ಆನ್‌ಲೈನ್‌ನಲ್ಲಿ ಪ್ರಾಣಿಗಳ ಸಂಖ್ಯೆ ಆಹಾರದ ಲಭ್ಯತೆಗೆ ತಕ್ಕಂತೆ ಏರಿಳಿಯುವ ಪರಿಸರ ವ್ಯವಸ್ಥೆಯೊಂದನ್ನು ರೂಪಿಸಲಾಗಿತ್ತು. ಆದರೆ ಆಟಗಾರರು ಕಂಡ ಪ್ರಾಣಿಗಳನ್ನೆಲ್ಲ ಅತಿ ವೇಗವಾಗಿ ಕೊಂದುಹಾಕಿದ್ದರಿಂದ ಅದು ಉಳಿಯಲಿಲ್ಲ. 2003ರಲ್ಲಿ ಬಂದ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ನಲ್ಲಿ ಯುದ್ಧವನ್ನೇ ಮಾಡದೆ, ಕುಶಲಕರ್ಮಿಯಾಗಿಯೋ ಮನರಂಜಕನಾಗಿಯೋ ಬಾಳಲು ಅವಕಾಶವಿತ್ತು.

ಸಿದ್ಧಸೂತ್ರದ ಸ್ಥಾಪನೆ

2004ರ ನವೆಂಬರ್ 23ರಂದು ಬ್ಲಿಝಾರ್ಡ್ ಸಂಸ್ಥೆಯು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟವನ್ನು ಬಿಡುಗಡೆ ಮಾಡಿತು. ಹಿಂದಿನ ಆಟಗಳ ಕಠಿಣತೆಯನ್ನು ತಗ್ಗಿಸಿ, ಹೊಸಬರೂ ಸುಲಭವಾಗಿ ಕಲಿಯುವಂತೆ ಅದನ್ನು ರೂಪಿಸಲಾಗಿತ್ತು. 2010ರ ಅಕ್ಟೋಬರ್‌ನಲ್ಲಿ ಅದರ ಚಂದಾದಾರರ ಸಂಖ್ಯೆ 1.2 ಕೋಟಿಯನ್ನು ತಲುಪಿತು. ಅದು ಜನಪ್ರಿಯಗೊಳಿಸಿದ ಸೂತ್ರದ ಮುಖ್ಯ ಅಂಶಗಳು ಇವು:

ಕಾರ್ಯಸರಣಿ: ಹಳ್ಳಿಯೊಬ್ಬನು ನೀಡುವ ಕೆಲಸವನ್ನು ಮುಗಿಸಿ, ಅನುಭವಾಂಕ ಪಡೆದು, ಮುಂದಿನ ಮಟ್ಟಕ್ಕೆ ಏರುವುದು.

ತ್ರಿವಿಧ ಪಾತ್ರ: ಏಟು ತಾಳುವವನು, ಗುಣಪಡಿಸುವವನು ಮತ್ತು ಶತ್ರುವಿಗೆ ಹಾನಿ ಮಾಡುವವನು ಎಂಬ ಮೂರು ಪಾತ್ರಗಳ ತಂಡ.

ಅಂತ್ಯದ ಆಟ: ಅತ್ಯುನ್ನತ ಮಟ್ಟ ತಲುಪಿದ ಬಳಿಕ ಉತ್ತಮ ಆಯುಧ, ಕವಚಗಳಿಗಾಗಿ ಅದೇ ಗುಹೆಗಳನ್ನು ವಾರವಾರವೂ ಮತ್ತೆ ಆಡುವುದು.

ಈ ಯಶಸ್ಸಿನ ಒತ್ತಡ ಇತರ ಆಟಗಳ ಮೇಲೂ ಬಿತ್ತು. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ 2005ರ ನವೆಂಬರ್‌ನಲ್ಲಿ ತನ್ನ ಹತ್ತಾರು ವೃತ್ತಿಗಳ ವ್ಯವಸ್ಥೆಯನ್ನು ಕೈಬಿಟ್ಟು, ಕೆಲವೇ ಸರಳ ವರ್ಗಗಳಿಗೆ ಇಳಿಯಿತು. ಹಳೆಯ ಆಟಗಾರರಲ್ಲಿ ಅನೇಕರು ಇದನ್ನು ವಿರೋಧಿಸಿ ಹೊರನಡೆದರು. 2011ರ ಡಿಸೆಂಬರ್ 15ರಂದು ಆ ಆಟವನ್ನು ಮುಚ್ಚಲಾಯಿತು.

ಕಾರಣಗಳು

ವೆಚ್ಚ ಮತ್ತು ಅಪಾಯ

ಒಂದು ನಿರಂತರ ಲೋಕವನ್ನು ಕಟ್ಟಲು ನೂರಾರು ಜನರ ಹಲವು ವರ್ಷಗಳ ದುಡಿಮೆ ಬೇಕಾಗುತ್ತದೆ. 2011ರಲ್ಲಿ ಬಂದ ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್ ಆಟದ ವೆಚ್ಚ ಸುಮಾರು 20 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದ್ದವು. ಒಂದು ವರ್ಷ ತುಂಬುವ ಮೊದಲೇ, 2012ರ ನವೆಂಬರ್‌ನಲ್ಲಿ, ಅದು ಉಚಿತವಾಗಿ ಆಡಬಹುದಾದ ಮಾದರಿಗೆ ಬದಲಾಯಿತು. ಇಷ್ಟು ಹಣ ಹೂಡಿದವರು ಪರೀಕ್ಷಿಸದ ವಿನ್ಯಾಸಕ್ಕಿಂತ ಗೆದ್ದ ಸೂತ್ರವನ್ನೇ ನೆಚ್ಚುವುದು ಸಹಜ.

ಹೊಸ ದಾರಿ ಹಿಡಿಯಲು ಯತ್ನಿಸಿದ ಕೆಲವು ಯೋಜನೆಗಳು ಬಿಡುಗಡೆಯನ್ನೇ ಕಾಣಲಿಲ್ಲ. ಬ್ಲಿಝಾರ್ಡ್ ತನ್ನ ಟೈಟನ್ ಯೋಜನೆಯನ್ನು ಏಳು ವರ್ಷಗಳ ಕೆಲಸದ ಬಳಿಕ ಕೈಬಿಟ್ಟಿರುವುದಾಗಿ 2014ರಲ್ಲಿ ಪ್ರಕಟಿಸಿತು. ಅದರ ಅವಶೇಷಗಳಿಂದ 2016ರಲ್ಲಿ ಓವರ್‌ವಾಚ್ ಎಂಬ ಗುಂಡುಹಾರಿಸುವ ಆಟ ಮೂಡಿತು. ಆಟಗಾರರೇ ನೆಲವನ್ನು ಅಗೆದು ಮಾರ್ಪಡಿಸಬಹುದೆಂದು 2013ರಲ್ಲಿ ಘೋಷಿಸಲಾಗಿದ್ದ ಎವರ್‌ಕ್ವೆಸ್ಟ್ ನೆಕ್ಸ್ಟ್ 2016ರ ಮಾರ್ಚ್‌ನಲ್ಲಿ ರದ್ದಾಯಿತು.

ತಯಾರಿಗಿಂತ ವೇಗವಾದ ಬಳಕೆ

ತಂಡವೊಂದು ತಿಂಗಳುಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ ಪ್ರದೇಶವನ್ನು ಆಟಗಾರರು ಕೆಲವೇ ದಿನಗಳಲ್ಲಿ ಮುಗಿಸುತ್ತಾರೆ. ಈ ಅಂತರವನ್ನು ತುಂಬಲು ದಿನನಿತ್ಯದ ಕೆಲಸಗಳು, ವಾರದ ಮಿತಿಗಳು ಮತ್ತು ಅದೃಷ್ಟಾಧಾರಿತ ಬಹುಮಾನಗಳನ್ನು ಅಳವಡಿಸಲಾಗುತ್ತದೆ. ಪ್ರತಿಯೊಂದು ವಿಸ್ತರಣೆಯಲ್ಲಿಯೂ ಗರಿಷ್ಠ ಮಟ್ಟ ಏರಿದಾಗ ಹಿಂದಿನ ಸಾಧನೆಗಳು ಬೆಲೆ ಕಳೆದುಕೊಳ್ಳುತ್ತವೆ. ಆಟವು ಎರಡನೆಯ ನೌಕರಿಯಂತಾಗಿದೆ ಎಂಬ ಸಾಮಾನ್ಯ ಆಕ್ಷೇಪದ ಮೂಲ ಇದೇ.

ಸಾಮಾಜಿಕ ಬಂಧದ ಸಡಿಲಿಕೆ

ಆರಂಭದ ಆಟಗಳಲ್ಲಿ ತಂಡ ಕಟ್ಟಬೇಕಾದರೆ ಅಪರಿಚಿತರೊಂದಿಗೆ ಮಾತನಾಡಲೇಬೇಕಿತ್ತು. ಹೀಗಾಗಿ ಒಳ್ಳೆಯ ಹೆಸರಿಗೆ ಬೆಲೆಯಿತ್ತು. 2009ರ ಡಿಸೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬೇರೆ ಬೇರೆ ಸರ್ವರ್‌ಗಳ ಆಟಗಾರರನ್ನು ತಾನೇ ಹುಡುಕಿ ತಂಡ ಕಟ್ಟುವ ಸೌಲಭ್ಯವನ್ನು ತಂದಿತು. ಕಾಯುವ ಸಮಯ ಉಳಿಯಿತಾದರೂ, ಒಂದು ಮಾತನ್ನೂ ಆಡದೆ ಗುಹೆಯನ್ನು ಮುಗಿಸಿ ಬೇರ್ಪಡುವುದು ರೂಢಿಯಾಯಿತು. ಇದರೊಂದಿಗೆ, ಆಟದ ಪ್ರತಿಯೊಂದು ರಹಸ್ಯವೂ ಮಾರ್ಗದರ್ಶಿ ತಾಣಗಳಲ್ಲಿ ಲಭ್ಯವಾದುದರಿಂದ ಅನ್ವೇಷಣೆಯ ಸುಖವೂ ಕುಗ್ಗಿತು. ಅಪರಿಚಿತರ ಒಡನಾಟ ಮೊದಲು ಈ ಆಟಗಳ ವಿಶೇಷ ಆಕರ್ಷಣೆಯಾಗಿತ್ತು. ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಅದು ಎಲ್ಲೆಡೆ ದೊರೆಯುವಂತಾಯಿತು.

ಆದಾಯದ ಮಾದರಿ

ತಿಂಗಳ ಚಂದಾ ಪದ್ಧತಿಯಿಂದ ಉಚಿತ ಆಟ ಮತ್ತು ಆಟದೊಳಗಿನ ಅಂಗಡಿಯ ಪದ್ಧತಿಗೆ ಬಹುತೇಕ ಆಟಗಳು ಸರಿದಿವೆ. 2014ರ ಜೂನ್‌ನಲ್ಲಿ ಚಂದಾ ಆಧಾರದ ಮೇಲೆ ಬಂದ ವೈಲ್ಡ್‌ಸ್ಟಾರ್ 2015ರಲ್ಲಿ ಉಚಿತವಾಗಿ, 2018ರ ನವೆಂಬರ್‌ನಲ್ಲಿ ಮುಚ್ಚಿಹೋಯಿತು. ಹಣ ಕೊಟ್ಟು ಮುಂದೆ ಸಾಗುವ ಅವಕಾಶವಿರುವ ಆಟದಲ್ಲಿ ಬೇಸರವೇ ಮಾರಾಟದ ಸಾಧನವಾಗುತ್ತದೆ, ಏಕೆಂದರೆ ದಾರಿ ದೀರ್ಘವಾದಷ್ಟೂ ಅಡ್ಡದಾರಿಗೆ ಗಿರಾಕಿಗಳು ಹೆಚ್ಚುತ್ತಾರೆ.

ಬೆಂಗಳೂರು ಮತ್ತು ಕರ್ನಾಟಕದಲ್ಲಿ

ನಿರ್ಮಾಣ

ಭಾರತದ ಮೊದಲ ಆಟನಿರ್ಮಾಣ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ್‌ಆಕ್ಟಿವ್ ಅನ್ನು ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಅಲ್ಟಿಮಾ ಆನ್‌ಲೈನ್ ಬಿಡುಗಡೆಯಾದದ್ದೂ ಅದೇ ವರ್ಷ. ಆದರೆ ಬೆಂಗಳೂರಿನಲ್ಲಿ ಬೆಳೆದದ್ದು ಮುಖ್ಯವಾಗಿ ವಿದೇಶಿ ಸಂಸ್ಥೆಗಳ ಆಟಗಳಿಗೆ ವಾಹನ, ಕಟ್ಟಡ ಮುಂತಾದ ಮೂರು ಆಯಾಮದ ಮಾದರಿಗಳನ್ನು ಗುತ್ತಿಗೆಯ ಮೇಲೆ ಸಿದ್ಧಪಡಿಸುವ ಉದ್ಯಮ. ಧ್ರುವ ಸಂಸ್ಥೆಯು ಫೋರ್ಝಾ ಸರಣಿ, ಸೀ ಆಫ್ ಥೀವ್ಸ್ ಮೊದಲಾದ ಆಟಗಳಿಗೆ ಇಂತಹ ಕೆಲಸ ಮಾಡಿತು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯು 2016ರಲ್ಲಿ ಅದರ ಬಹುಪಾಲು ಷೇರುಗಳನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಾಟವಾಗಿ, ಆ ಸಂಸ್ಥೆಯ ಬೆಂಗಳೂರು ಶಾಖೆಯೊಂದಿಗೆ ಸೇರಿತು.

ಈ ವ್ಯವಸ್ಥೆಯಲ್ಲಿ ಲೋಕದ ಬಿಡಿಭಾಗಗಳು ಇಲ್ಲಿ ರೂಪುಗೊಂಡರೂ, ಆ ಲೋಕದ ನಿಯಮಗಳನ್ನು ಬೇರೆಡೆ ನಿರ್ಧರಿಸಲಾಗುತ್ತದೆ. ಸ್ವಂತ ಆಟಗಳನ್ನು ಮಾಡಿದ ಬೆಂಗಳೂರಿನ ಸಂಸ್ಥೆಗಳು ಬೇರೆ ಪ್ರಕಾರಗಳತ್ತ ತಿರುಗಿದವು. 2013ರಲ್ಲಿ ಆರಂಭವಾದ ಮೂನ್‌ಫ್ರಾಗ್ ಲ್ಯಾಬ್ಸ್ ಹೆಸರು ಗಳಿಸಿದ್ದು ತೀನ್ ಪತ್ತಿ ಗೋಲ್ಡ್ ಮತ್ತು ಲೂಡೊ ಕ್ಲಬ್‌ನಂತಹ ಮೊಬೈಲ್ ಆಟಗಳಿಂದ. ಕರ್ನಾಟಕ ಸರ್ಕಾರವು ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗಾಗಿ 2012ರಲ್ಲಿ ನೀತಿಯೊಂದನ್ನು ಪ್ರಕಟಿಸಿತು. ಇದೇ ಕ್ಷೇತ್ರಗಳ ತರಬೇತಿ ಮತ್ತು ಸೌಲಭ್ಯಗಳಿಗಾಗಿ ವೈಟ್‌ಫೀಲ್ಡ್ ಮಾರ್ಗದ ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರವೊಂದು 2021ರಲ್ಲಿ ಆರಂಭವಾಯಿತು.

ದೂರ ಮತ್ತು ಸಮಯ

ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಅಂದರೆ ಪ್ರತಿ 1,000 ಕಿ.ಮೀ. ದೂರಕ್ಕೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು. ಬೆಂಗಳೂರಿನಿಂದ ನೇರ ರೇಖೆಯಲ್ಲಿ ಸಿಂಗಪುರ ಸುಮಾರು 3,200 ಕಿ.ಮೀ., ಜರ್ಮನಿಯ ಫ್ರಾಂಕ್‌ಫರ್ಟ್ ಸುಮಾರು 7,400 ಕಿ.ಮೀ. ದೂರದಲ್ಲಿವೆ. ಆದುದರಿಂದ ಸಂಪರ್ಕ ಎಷ್ಟೇ ಉತ್ತಮವಾಗಿದ್ದರೂ ಕ್ರಮವಾಗಿ 32 ಮತ್ತು 74 ಮಿಲಿಸೆಕೆಂಡ್‌ಗಿಂತ ಕಡಿಮೆ ವಿಳಂಬ ಸಾಧ್ಯವಿಲ್ಲ. ಸಮುದ್ರತಳದ ಕೇಬಲ್‌ಗಳು ಸುತ್ತಿ ಬಳಸಿ ಸಾಗುವುದರಿಂದ ವಾಸ್ತವ ವಿಳಂಬ ಇದಕ್ಕಿಂತ ಬಹಳ ಹೆಚ್ಚು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ 14, ಗಿಲ್ಡ್ ವಾರ್ಸ್ 2 ಮುಂತಾದ ಪ್ರಮುಖ ಆಟಗಳು ಭಾರತದಲ್ಲಿ ಸರ್ವರ್ ಹೊಂದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅತಿವೇಗದ ಫೈಬರ್ ಸಂಪರ್ಕ ಪಡೆದವರೂ ಈ ಮಿತಿಯನ್ನು ಮೀರಲಾರರು.

ಕಾಲಮಾನದ ತೊಡಕು ಇನ್ನೊಂದು. ದೊಡ್ಡ ತಂಡಗಳ ಕಾರ್ಯಾಚರಣೆ ಸಾಮಾನ್ಯವಾಗಿ ಆಯಾ ಪ್ರದೇಶದ ಸಂಜೆಯ ಹೊತ್ತಿನಲ್ಲಿ ನಡೆಯುತ್ತದೆ. ಮಧ್ಯ ಯುರೋಪಿನ ಚಳಿಗಾಲದ ರಾತ್ರಿ 8 ಗಂಟೆ ಎಂದರೆ ಭಾರತದಲ್ಲಿ ಮಧ್ಯರಾತ್ರಿ 12:30. ಅದೇ ಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ರಾತ್ರಿ 8 ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ 9:30, ಅಂದರೆ ಕಚೇರಿಯ ವೇಳೆ. ಹಗಲು ಪಾಳಿಯ ಉದ್ಯೋಗಿ ನಿದ್ದೆಗೆಡದೆ ಇಂತಹ ಸಂಘಗಳಲ್ಲಿ ಖಾಯಂ ಸದಸ್ಯನಾಗುವುದು ಕಷ್ಟ. ಸಂಘದ ಒಡನಾಟವೇ ಈ ಪ್ರಕಾರದ ಜೀವಾಳವಾದುದರಿಂದ, ಅದನ್ನು ಕಳೆದುಕೊಂಡ ಆಟಗಾರನಿಗೆ ಉಳಿಯುವುದು ಅದರ ಅತ್ಯಂತ ಏಕತಾನದ ಭಾಗವಾದ ಒಂಟಿ ಕಾರ್ಯಸರಣಿ ಮಾತ್ರ.

ಬೆಲೆ, ಭಾಷೆ ಮತ್ತು ಮಾರುಕಟ್ಟೆ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ತಿಂಗಳ ಚಂದಾ ಅಮೆರಿಕದಲ್ಲಿ 2004ರಿಂದಲೂ 14.99 ಡಾಲರ್ ಆಗಿದೆ. ಡಾಲರಿನಲ್ಲಿ ಸ್ಥಿರವಾಗಿರುವ ಈ ದರವನ್ನು ರೂಪಾಯಿಗೆ ಪರಿವರ್ತಿಸಿದರೆ, 2004ರಲ್ಲಿ ಸುಮಾರು ₹670 ಇದ್ದದ್ದು 2025ರ ವೇಳೆಗೆ ₹1,250ನ್ನು ದಾಟುತ್ತದೆ. ಮೇಲೆ ಹೆಸರಿಸಿದ ಮೂರು ಆಟಗಳೂ ಕನ್ನಡದಲ್ಲಿ ಲಭ್ಯವಿಲ್ಲ.

2000ರ ದಶಕದಲ್ಲಿ ಕೊರಿಯಾದ ರಾಗ್ನರಾಕ್ ಆನ್‌ಲೈನ್ ಆಟವನ್ನು ಲೆವೆಲ್ ಅಪ್ ಸಂಸ್ಥೆಯು ಭಾರತದಲ್ಲಿ ನಡೆಸಿತಾದರೂ ಅದು ಮುಂದೆ ಸ್ಥಗಿತಗೊಂಡಿತು. 2004ರ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಪರಿಗಣಿಸುತ್ತಿದ್ದ ಕಾಲವದು. 2016ರ ಬಳಿಕ ಅಗ್ಗದ ಮೊಬೈಲ್ ಡೇಟಾ ದೊರೆತಾಗ ಹೊಸ ಆಟಗಾರರು ನೇರವಾಗಿ ಪಬ್‌ಜಿ ಮೊಬೈಲ್‌ನಂತಹ, ಅರ್ಧ ಗಂಟೆಯಲ್ಲಿ ಮುಗಿಯುವ ಆಟಗಳಿಗೆ ಬಂದರು. ಹೀಗೆ ಭಾರತದಲ್ಲಿ ಎಂಎಂಒಆರ್‌ಪಿಜಿ ಬೇರೂರುವ ಮೊದಲೇ ಅದರ ಕಾಲ ಸರಿದುಹೋಯಿತು. 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿದೆ. ಪಣದ ರೂಪದಲ್ಲಿಲ್ಲದ ಚಂದಾ ಶುಲ್ಕಕ್ಕೆ ಅದು ಅವಕಾಶ ನೀಡುತ್ತದೆ.

ಮುಚ್ಚಿಹೋದ ಲೋಕಗಳು

ಸರ್ವರ್ ನಿಂತೊಡನೆ ಆಟಗಾರರು ವರ್ಷಗಳ ಕಾಲ ಬೆಳೆಸಿದ ಪಾತ್ರ ಮತ್ತು ಸಂಘಗಳು ಇಲ್ಲವಾಗುತ್ತವೆ. 2012ರ ನವೆಂಬರ್‌ನಲ್ಲಿ ಮುಚ್ಚಿದ ಸಿಟಿ ಆಫ್ ಹೀರೋಸ್ ಆಟವನ್ನು ಅಭಿಮಾನಿಗಳು ಮರಳಿ ನಡೆಸತೊಡಗಿದರು. ಹಕ್ಕುದಾರ ಸಂಸ್ಥೆಯಾದ ಎನ್‌ಸಿಸಾಫ್ಟ್ 2024ರ ಜನವರಿಯಲ್ಲಿ ‘ಹೋಮ್‌ಕಮಿಂಗ್’ ಎಂಬ ಅಭಿಮಾನಿ ತಂಡಕ್ಕೆ ಪರವಾನಗಿ ನೀಡಿತು. 2021ರಲ್ಲಿ ಒಂದೇ ಹೊತ್ತಿಗೆ 9 ಲಕ್ಷಕ್ಕೂ ಹೆಚ್ಚು ಆಟಗಾರರನ್ನು ಕಂಡ ಅಮೆಜಾನ್‌ನ ನ್ಯೂ ವರ್ಲ್ಡ್ ಆಟಕ್ಕೆ ಇನ್ನು ಹೊಸ ಸೇರ್ಪಡೆಗಳಿಲ್ಲ ಎಂದು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಲಾಯಿತು. ಮಾರಾಟವಾದ ಆಟಗಳನ್ನು ಬಳಸಲಾಗದಂತೆ ನಿಷ್ಕ್ರಿಯಗೊಳಿಸುವುದರ ವಿರುದ್ಧ 2024ರಲ್ಲಿ ಆರಂಭವಾದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಯುರೋಪಿಯನ್ ಒಕ್ಕೂಟದ ಮನವಿಯು 2025ರ ಜುಲೈನಲ್ಲಿ 10 ಲಕ್ಷ ಸಹಿಗಳನ್ನು ದಾಟಿತು.

ಹಿಂದಿನದರತ್ತ ಮರಳುವಿಕೆ

ಹಲವರು ಹೊಸ ಆಟಗಳ ಬದಲು ಹಳೆಯವನ್ನೇ ಕೇಳಿದರು. 2013ರಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಬಿಡುಗಡೆಯಾಯಿತು. ಅದರಲ್ಲಿ ಮುಖ್ಯ ಬದಲಾವಣೆಗಳನ್ನು ಆಟಗಾರರ ಮತಕ್ಕೆ ಹಾಕಲಾಗುತ್ತದೆ. ನೊಸ್ಟಾಲ್ರಿಯಸ್ ಎಂಬ ಅನಧಿಕೃತ ಸರ್ವರ್ 2016ರಲ್ಲಿ ಮುಚ್ಚಿದಾಗ 2 ಲಕ್ಷಕ್ಕೂ ಹೆಚ್ಚು ಜನರು ಮನವಿಗೆ ಸಹಿ ಹಾಕಿದರು. 2019ರ ಆಗಸ್ಟ್‌ನಲ್ಲಿ ಬ್ಲಿಝಾರ್ಡ್ ತಾನೇ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನು ಹೊರತಂದಿತು.

ಪ್ರತಿವಾದ

ಸ್ಥಗಿತತೆಯ ವಾದವನ್ನು ಎಲ್ಲರೂ ಒಪ್ಪುವುದಿಲ್ಲ. 2003ರಲ್ಲಿ ಆರಂಭವಾದ ಈವ್ ಆನ್‌ಲೈನ್‌ನ ಅರ್ಥವ್ಯವಸ್ಥೆ ಮತ್ತು ಯುದ್ಧಗಳನ್ನು ಇಂದಿಗೂ ಹೆಚ್ಚಾಗಿ ಆಟಗಾರರೇ ನಡೆಸುತ್ತಾರೆ. 2010ರಲ್ಲಿ ವಿಫಲವಾದ ಫೈನಲ್ ಫ್ಯಾಂಟಸಿ 14 ಅನ್ನು ಅದರ ನಿರ್ಮಾಪಕರು ಪುನಃ ಕಟ್ಟಿ 2013ರಲ್ಲಿ ಯಶಸ್ವಿಯಾಗಿ ಮರುಬಿಡುಗಡೆ ಮಾಡಿದರು. 2012ರ ಗಿಲ್ಡ್ ವಾರ್ಸ್ 2 ತ್ರಿವಿಧ ಪಾತ್ರದ ಪದ್ಧತಿಯನ್ನು ಸಡಿಲಿಸಿ, ತಿಂಗಳ ಚಂದಾ ಇಲ್ಲದೆಯೇ ನಡೆದಿದೆ. ಈ ಪ್ರಕಾರದ ಲಕ್ಷಣಗಳಾದ ಮಟ್ಟ ಏರುವಿಕೆ, ಸಂಘ ಮತ್ತು ನಿರಂತರ ಲೋಕಗಳು ಇತರ ಆಟಗಳಿಗೂ ಹರಡಿವೆ. ಆದ್ದರಿಂದ ಎಂಎಂಒಆರ್‌ಪಿಜಿ ನಿಂತಿಲ್ಲ, ಬೇರೆ ಪ್ರಕಾರಗಳೊಳಗೆ ಬೆರೆತಿದೆ ಎಂಬುದು ಈ ಪಕ್ಷದ ವಾದ.