ಬಲೆ ಬೇಡ, ಕತ್ತರಿ ಸಾಕು

ಖಾನಾಪುರ ದಾಟಿ ಲೋಂಡಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ ವಾಹನಕ್ಕೆ ಸಿಕ್ಕು ಪುನುಗು ಬೆಕ್ಕೊಂದು ಸತ್ತು ಬಿದ್ದಿದೆ ಎಂದುಕೊಳ್ಳಿ. ಕೊಂದವರು ಯಾರೋ, ಹೋದ ಜೀವವಂತೂ ಬರುವುದಿಲ್ಲ. ಅದರ ಚರ್ಮ ಸುಲಿದು ಒಣಗಿಸಿ ಇಟ್ಟುಕೊಳ್ಳಬಹುದೆ? ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಸತ್ತು ಸಿಕ್ಕ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಬಲೆಯೊಡ್ಡಿ, ಉರುಲು ಹಾಕಿ ಹಿಡಿಯುವ ಮಾತಂತೂ ಎತ್ತುವಂತೆಯೇ ಇಲ್ಲ.

ಕೆನಡಾ, ಅಮೆರಿಕದ ಹಳ್ಳಿಗಾಡಿನಲ್ಲಿ ಚಳಿಗಾಲ ಬಂತೆಂದರೆ ಲೈಸೆನ್ಸ್ ಪಡೆದು ಬೀವರ್, ನರಿಗಳನ್ನು ಬೋನಿಗೆ ಕೆಡವಿ, ತುಪ್ಪಟ ಮಾರಿ ನಾಲ್ಕು ಕಾಸು ಮಾಡಿಕೊಳ್ಳುವವರು ಇಂದಿಗೂ ಇದ್ದಾರೆ. ನಮ್ಮಲ್ಲಿ ಆ ಬಾಗಿಲು ಮುಚ್ಚಿದೆ. ಮುಂಗುಸಿಯ ಕೂದಲಿನ ಚಿತ್ರಕುಂಚಗಳನ್ನು ಮಾರುತ್ತಿದ್ದ ಜಾಲದ ಮೇಲೂ 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ದೇಶದ ಹಲವೆಡೆ ದಾಳಿ ಮಾಡಿತ್ತು. ಅದಕ್ಕೂ ಮುಂಚೆ, 2017ರಲ್ಲಿ, ಮಿಂಕ್, ನರಿ, ಚಿಂಚಿಲಾಗಳ ತುಪ್ಪಟದ ಚರ್ಮಗಳು ಹೊರದೇಶದಿಂದ ಬರುವುದೂ ನಿಂತಿತು. ಖಾನಾಪುರದ ಮಟ್ಟಿಗೆ ಹೇಳುವುದಾದರೆ, 2011ರಲ್ಲಿ ಭೀಮಗಡ ವನ್ಯಜೀವಿಧಾಮವಾದ ಮೇಲೆ ಕಾಡಿನ ಮೇಲಿನ ಕಣ್ಣು ಇನ್ನಷ್ಟು ಬಿಗಿಯಾಗಿದೆ.

ಹಾಗಿದ್ದೂ ಪ್ರಾಣಿಯ ಮೈಕೂದಲಿನಿಂದ ಉಪಕಸುಬು ನಡೆಸುವ ಮನೆಗಳು ಬೆಳಗಾವಿ ಸೀಮೆಯಲ್ಲಿವೆ. ಅವರಿಗೆ ಲೈಸೆನ್ಸೂ ಬೇಡ, ಬೋನೂ ಬೇಡ. ಬೇಕಾಗಿರುವುದು ಒಂದು ಕತ್ತರಿ ಮತ್ತು ಡೆಕ್ಕನಿ ಕುರಿ.

ಡೆಕ್ಕನಿ ದಖ್ಖನ್ ಪ್ರಸ್ಥಭೂಮಿಯ ತಳಿ. ಮೈ ಬಹುಪಾಲು ಕಪ್ಪು, ಅಲ್ಲಲ್ಲಿ ಬಿಳಿ, ಬೂದು. ಒಣಹುಲ್ಲಿನಲ್ಲೂ ಬದುಕುತ್ತದೆ, ಮೈಲುಗಟ್ಟಲೆ ನಡೆಯುತ್ತದೆ. ಅಥಣಿ, ರಾಯಬಾಗ, ಚಿಕ್ಕೋಡಿ, ಗೋಕಾಕ ಕಡೆಯ ಕುರಿಗಾರರು ಮಳೆ ಕಡಿಮೆಯಾದ ಮೇಲೆ ಹಿಂಡು ಹೊಡೆದುಕೊಂಡು ಹೊರಡುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ಕಾಳೋ ಕಾಸೋ. ದೊಡ್ಡ ಗಳಿಕೆ ಮರಿ ಮಾರಾಟದಿಂದಲೇ. ಗೊಬ್ಬರ ಮತ್ತು ಉಣ್ಣೆ ಕೈಖರ್ಚಿನ ಬಾಬತ್ತು.

ಕತ್ತರಿಸುವುದು ವರ್ಷಕ್ಕೆ ಎರಡು ಸಲ. ಹಿಂದಿನ ದಿನ ಹಳ್ಳಕ್ಕೋ ಕೆರೆಗೋ ಇಳಿಸಿ ಕುರಿಗಳ ಮೈ ತೊಳೆಯುತ್ತಾರೆ. ಮರುದಿನ ಕಾಲು ಕಟ್ಟಿ ಕೆಡವಿದ ಕುರಿಯ ಹೊಟ್ಟೆಯ ಕಡೆಯಿಂದ ಕತ್ತರಿ ಆಡಲು ಶುರುವಾಗುತ್ತದೆ. ಚರ್ಮಕ್ಕೆ ತಾಗಿಸದೆ, ಕೂದಲು ತುಂಡುತುಂಡಾಗದಂತೆ ತೆಗೆಯುವುದೇ ಕೈಚಳಕ. ಬಿಟ್ಟೊಡನೆ ಕುರಿ ಮೈ ಕೊಡವಿಕೊಂಡು ಹಿಂಡು ಸೇರುತ್ತದೆ. ಆರು ತಿಂಗಳಿಗೆ ಮತ್ತೆ ಮೈತುಂಬ ಉಣ್ಣೆ. ಒಂದು ಕುರಿಯಿಂದ ಒಂದು ಸಲಕ್ಕೆ ಅರ್ಧ ಕಿಲೋ ಸಿಕ್ಕರೆ ಹೆಚ್ಚು. ಕಂಬಳಿಯೊಂದಕ್ಕೆ ಎರಡು ಮೂರು ಕಿಲೋ ಬೇಕು.

ಕಷ್ಟ ಶುರುವಾಗುವುದು ಇಲ್ಲಿಂದಲೇ. ಡೆಕ್ಕನಿ ಉಣ್ಣೆ ಒರಟು. ಎಳೆಯ ದಪ್ಪದಲ್ಲಿ ಮೆರಿನೊ ಉಣ್ಣೆಯ ಎರಡು ಪಟ್ಟನ್ನೂ ಮೀರುತ್ತದೆ, ಸ್ವೆಟರಿಗೆ ಬರುವುದಿಲ್ಲ. ಗಿರಣಿಗಳಿಗೆ ಬೇಡವಾದ ಮೇಲೆ ಬೆಲೆ ಎಷ್ಟು ಕುಸಿಯಿತೆಂದರೆ, ಎಷ್ಟೋ ಕಡೆ ಕತ್ತರಿಸುವವನ ಕೂಲಿಯೂ ಉಣ್ಣೆಯಿಂದ ಹುಟ್ಟುವುದಿಲ್ಲ. ಹಾಗೆಂದು ಕತ್ತರಿಸದೆ ಬಿಡುವಂತಿಲ್ಲ. ಬಿಸಿಲಿಗೆ ಕುರಿ ಸೊರಗುತ್ತದೆ, ಉಣ್ಣಿ, ಹೇನು ಹತ್ತುತ್ತವೆ. ಹೀಗಾಗಿ ಕೈಯಿಂದ ಕೂಲಿ ಕೊಟ್ಟು ಕತ್ತರಿಸಿ ಉಣ್ಣೆಯನ್ನು ಹೊಲದ ಬದುವಿಗೆ ಎಸೆಯುವವರಿದ್ದಾರೆ. ಉಣ್ಣೆಯೇ ಇಲ್ಲದ, ಮೈ ಬೇಗ ತುಂಬುವ ಮಾಂಸದ ತಳಿಗಳತ್ತ ಹೊರಳಿದವರೂ ಇದ್ದಾರೆ.

ಎಸೆದ ಉಣ್ಣೆಗೆ ಬೆಲೆ ತರುವುದು ಹೆಂಗಸರ ರಾಟಿ ಮತ್ತು ಗಂಡಸರ ಮಗ್ಗ. ಕಸಕಡ್ಡಿ ಆಯ್ದು, ಬಿಲ್ಲಿನ ಹುರಿಯಿಂದ ಹೊಡೆದು ಹಿಂಜಿದ ಉಣ್ಣೆ ಅರಳೆಯಂತೆ ಹಗುರಾಗುತ್ತದೆ. ಅದನ್ನು ನೂತು, ಹಾಸು ಮಾಡಿ, ಬೀದಿಯುದ್ದಕ್ಕೂ ಗೂಟಗಳಿಗೆ ಬಿಗಿದು ಕಟ್ಟುತ್ತಾರೆ. ಹುಣಸೆ ಬೀಜ ನೆನೆಸಿ, ಸಿಪ್ಪೆ ತೆಗೆದು, ಅರೆದು ಕುದಿಸಿದ ಗಂಜಿ ಅಷ್ಟರಲ್ಲಿ ಸಿದ್ಧವಾಗಿರುತ್ತದೆ. ದೊಡ್ಡ ಕುಂಚದಿಂದ ಅದನ್ನು ಎಳೆಯೆಳೆಗೂ ಸವರುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕು. ಒಂದಕ್ಕೊಂದು ಅಂಟಿದ ಎಳೆಗಳನ್ನು ಗಂಜಿ ಆರುವ ಮೊದಲೇ ಬಿಡಿಸಬೇಕು. ತಡವಾದರೆ ಮಗ್ಗದಲ್ಲಿ ಪಟಪಟ ಹರಿಯುತ್ತವೆ. ಬಳಿಕ ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಬಣ್ಣ ಹಾಕುವ ಗೋಜಿಲ್ಲ. ಕುರಿಯ ಕಪ್ಪೇ ಕಂಬಳಿಯ ಕಪ್ಪು, ಬಿಳಿ ಎಳೆಯ ಪಟ್ಟಿಯೇ ದಡಿ.

ಉಣ್ಣೆಗೂ ಕುರುಬ ಸಮುದಾಯಕ್ಕೂ ಇರುವ ನಂಟು ಮದುವೆಯ ಕಂಕಣದವರೆಗೆ ಹೋಗುತ್ತದೆ. ಉಣ್ಣೆಯ ದಾರದ ಕಂಕಣ ಕಟ್ಟುವವರು ಉಣ್ಣೆಕಂಕಣದವರು, ಹತ್ತಿಯ ದಾರದವರು ಹತ್ತಿಕಂಕಣದವರು. ಬೀರಪ್ಪನ ಪೂಜೆಗೆ ಕಂಬಳಿ ಹಾಸಬೇಕು. ರಾಜಕೀಯ ಸಮಾವೇಶಗಳ ವೇದಿಕೆಯಲ್ಲಿ ಮುಖಂಡರ ಹೆಗಲಿಗೆ ಬೀಳುವುದೂ ಇದೇ ಕರಿಕಂಬಳಿ. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನೂ ಇದೇ ಸಮುದಾಯದವನು.

ಪಶ್ಚಿಮದ ಮಳೆಸೀಮೆಯಲ್ಲಿ ಕಂಬಳಿಯ ಉಪಯೋಗವೇ ಬೇರೆ. ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ನಾಟಿಯ ಗದ್ದೆಯಲ್ಲಿ ಬಗ್ಗಿದವರ ಬೆನ್ನು ನೆನೆಯುವುದಿಲ್ಲ. ಒತ್ತಾದ ಒರಟು ಎಳೆ ನೀರನ್ನು ಬೇಗ ಒಳಕ್ಕೆ ಬಿಡದು. ಒದ್ದೆಯಾದರೂ ಮೈಯ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಅಗ್ಗದ ಪ್ಲಾಸ್ಟಿಕ್ ಹಾಳೆ ಬಂದು ಈ ಗಿರಾಕಿಗಳನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಈಗ ಇದೇ ಒರಟು ಉಣ್ಣೆಯಿಂದ ನೆಲಹಾಸು, ಚೀಲ, ಆಸನ, ಗೋಡೆಗೆ ತೂಗುಹಾಕುವ ನೇಯ್ಗೆಗಳನ್ನು ಮಾಡಿ ನಗರದ ಕೊಳ್ಳುಗರನ್ನು ಹುಡುಕುವ ಪ್ರಯತ್ನಗಳು ನಡೆದಿವೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದ್ದರಿಂದ ಇಂಥ ಉಣ್ಣೆಯ ಮಾತು ಮತ್ತೆ ಚಾಲ್ತಿಗೆ ಬಂದಿದೆ.

ಕಂಬಳಿ ಕೊಳ್ಳಲು ಹೊರಟವರು ಒಂದಿಷ್ಟು ನೋಡಿ ತೆಗೆದುಕೊಳ್ಳಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಹೊದಿಕೆಗಳಲ್ಲಿ ಹಳೆ ಬಟ್ಟೆಯ ನೂಲನ್ನೇ ಮತ್ತೆ ನೇಯ್ದ ಪಾಣಿಪತ್ತಿನ ಗಿರಣಿ ಮಾಲು ಬಹಳ. ಅನುಮಾನ ಬಂದರೆ ಅಂಚಿನ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಕುರಿಯ ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ನೂಲಾದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಕೈಮಗ್ಗದ ಹೊಸ ಕಂಬಳಿ ಗಂಜಿಯಿಂದಾಗಿ ಬಿರುಸಾಗಿರುತ್ತದೆ, ಹೊದ್ದಂತೆಲ್ಲ ಮೆತ್ತಗಾಗುತ್ತದೆ.

ನೇಕಾರರಿಗೆ ಹೇಳಿ ಮಾಡಿಸುವವರು ಕಾಲವನ್ನೂ ನೋಡಿಕೊಳ್ಳಬೇಕು. ಆಷಾಢ, ಶ್ರಾವಣದ ಮಳೆಯಲ್ಲಿ ಬೀದಿಯ ಹಾಸು ಒಣಗುವುದಿಲ್ಲ, ಮಗ್ಗ ಸುಮ್ಮನಿರುತ್ತದೆ. ಮಳೆಗಾಲಕ್ಕೆ ಕೊಪ್ಪೆ ಬೇಕೆಂದರೆ ಬೇಸಿಗೆಯಲ್ಲೇ ಮುಂಗಡ ಕೊಟ್ಟಿಡುವುದು ಒಳ್ಳೆಯದು.