ರಗ್ಬಿ ಅಂಗಳದಲ್ಲಿ ರಾಹುಲ್ ಬೋಸ್

ಅಪರ್ಣಾ ಸೇನ್ ನಿರ್ದೇಶನದ ‘ಮಿಸ್ಟರ್ ಅಂಡ್ ಮಿಸೆಸ್ ಅಯ್ಯರ್’ (2002) ಚಲನಚಿತ್ರವನ್ನು ನಮ್ಮ ಅಂಬತ್ತೂರಿನ ಕನ್ನಡಿಗರಲ್ಲಿ ಅನೇಕರು ನೋಡಿರಬಹುದು. ತಮಿಳು ಗೃಹಿಣಿಯ ಸಹಪ್ರಯಾಣಿಕನಾಗಿ ನಟಿಸಿದ ರಾಹುಲ್ ಬೋಸ್ ಅವರು ಆ ವೇಳೆಗಾಗಲೇ ರಗ್ಬಿ ಆಟದಲ್ಲಿ ಭಾರತವನ್ನು ಪ್ರತಿನಿಧಿಸಿದ್ದರೆಂಬುದು ಮಾತ್ರ ಹೆಚ್ಚು ಮಂದಿಗೆ ತಿಳಿಯದ ಸಂಗತಿ.

ರಗ್ಬಿ ಯೂನಿಯನ್ ಎಂಬುದು ತಂಡಕ್ಕೆ 15 ಮಂದಿಯಂತೆ 80 ನಿಮಿಷ ಆಡುವ ಆಟ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು. ಆದರೆ ಜೊತೆಗಾರನಿಗೆ ಕೈಯಿಂದ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ 5 ಅಂಕ. ಕಬಡ್ಡಿಯಂತೆ ಇಲ್ಲಿಯೂ ಎದುರಾಳಿಯನ್ನು ಹಿಡಿದು ಕೆಡವಬೇಕು. ಬೋಸ್ ಆಡುತ್ತಿದ್ದ ಸ್ಥಾನಗಳಲ್ಲಿ ಒಂದು ಸ್ಕ್ರಮ್ ಹಾಫ್. ಎರಡೂ ತಂಡಗಳ ದಢೂತಿ ಆಟಗಾರರು ಭುಜಕ್ಕೆ ಭುಜ ಕೊಟ್ಟು ತಳ್ಳಾಡುವಾಗ, ಹಿಂದಿನಿಂದ ಹೊರಬರುವ ಚೆಂಡನ್ನು ಕ್ಷಣಾರ್ಧದಲ್ಲಿ ಎತ್ತಿ ಓಟಗಾರರಿಗೆ ತಲುಪಿಸುವುದು ಆತನ ಕೆಲಸ. ಬಲಕ್ಕಿಂತ ಚುರುಕುತನ ಅಲ್ಲಿ ಮುಖ್ಯ.

ತಾಯಿಯ ಪ್ರೋತ್ಸಾಹದಿಂದ ರಗ್ಬಿಗೆ ಬಂದ ಬೋಸ್, ಮುಂಬಯಿಯ ಬಾಂಬೆ ಜಿಮ್‌ಖಾನಾ ಪರವಾಗಿ ಆಡಿದರು. 1998ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ತಂಡದಲ್ಲಿದ್ದರು. 2009ರಲ್ಲಿ ರಾಷ್ಟ್ರೀಯ ತಂಡದಿಂದ ದೂರ ಸರಿದರು.

ಅಂತರರಾಷ್ಟ್ರೀಯ ರಗ್ಬಿ ಯೂನಿಯನ್ 1995ರಲ್ಲೇ ಆಟಗಾರರಿಗೆ ಸಂಭಾವನೆ ಕೊಡಲು ಒಪ್ಪಿತ್ತು. ನಮ್ಮವರಿಗಾದರೋ ಅದು ಅನ್ನದ ದಾರಿಯಾಗಿರಲಿಲ್ಲ. ಬೋಸ್ ಅವರಿಗೆ ಚಿತ್ರರಂಗವಿತ್ತು. ಉಳಿದವರೂ ಬೇರೆ ದುಡಿಮೆಯ ನಡುವೆಯೇ ಆಡಬೇಕಾಗಿತ್ತು. ಬ್ಯಾಂಕಿನ ನೌಕರನಾಗಿ ನಾನು ಬಲ್ಲ ಮಾತೊಂದಿದೆ: ಕ್ರಿಕೆಟ್, ಹಾಕಿ, ವಾಲಿಬಾಲ್ ಆಟಗಾರರು ಎಷ್ಟೋ ಮಂದಿ ಕ್ರೀಡಾ ಮೀಸಲಿನಿಂದ ನೌಕರಿ ಪಡೆದರು. ಆ ನೌಕರಿಯೇ ಅವರ ಆಟವನ್ನು ಉಳಿಸಿತು. ಕೇಂದ್ರ ಸರಕಾರದ ಇಂತಹ ನೇಮಕಾತಿಯ ಪಟ್ಟಿಗೆ ರಗ್ಬಿ ಸೇರಿದ್ದು 2020ರಲ್ಲಿ, ಕ್ರೀಡೆಗಳ ಸಂಖ್ಯೆ 43ರಿಂದ 63ಕ್ಕೆ ಏರಿದಾಗ. ಬೋಸ್ ರಾಷ್ಟ್ರೀಯ ತಂಡ ಬಿಟ್ಟು ಆಗ 11 ವರ್ಷಗಳಾಗಿದ್ದವು!

ಆಡಿ ಮುಗಿಸಿದ ಮೇಲೂ ಅವರು ಆಟವನ್ನು ಬಿಡಲಿಲ್ಲ. 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಭಾರತೀಯ ರಗ್ಬಿ ಒಕ್ಕೂಟದ ಅಧ್ಯಕ್ಷರು ಅವರೇ. ತಂಡಕ್ಕೆ ಏಳು ಮಂದಿಯಂತೆ ಆಡುವ ಈ ಲೀಗ್‌ನಲ್ಲಿ ಭಾರತೀಯ ಆಟಗಾರರಿಗೂ ಹಣ ದೊರೆಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್, ಚೆನ್ನೈ ಬುಲ್ಸ್ ಎರಡೂ ಕಣದಲ್ಲಿದ್ದವು. ನಾವು ಯಾರ ಕಡೆ ಎಂಬ ಸಂಕಟ ಚೆನ್ನೈ ಕನ್ನಡಿಗರಿಗೆ ಹೊಸದೇನಲ್ಲ. ಅಂತೂ ಗೆದ್ದದ್ದು ಚೆನ್ನೈ.

ಅಂಬತ್ತೂರಿನ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ತಂದೆಯೊಬ್ಬರು, ‘ಆಟ ಆಡಿದರೆ ಹೊಟ್ಟೆ ತುಂಬುತ್ತದೆಯೇ?’ ಎಂದು ಮಗನನ್ನು ಕೇಳಿದರೆ ಅದು ತಪ್ಪಲ್ಲ. ಆ ಪ್ರಶ್ನೆಗೆ ಬೋಸ್ ಅವರ ಪೀಳಿಗೆಯ ರಗ್ಬಿ ಆಟಗಾರರ ಬಳಿ ಉತ್ತರವಿರಲಿಲ್ಲ. ಇಂದು ಅರ್ಧ ಉತ್ತರವಾದರೂ ಇದೆ. ಉಳಿದರ್ಧವನ್ನು ಮುಂದಿನವರು ಬರೆಯಲಿ.