ಸುರುಳಿಯ ಕಿವುಡು ದಿಕ್ಕು

ರಾಜಾಜಿನಗರದ ಕಾರ್ಖಾನೆಗಳ ನೆರೆಯಲ್ಲಿ ವಾರ್ತೆ ಕೇಳುವವರಿಗೆ ಮೋಟಾರಿನ ಗೊರಗೊರ ಸದ್ದು ಹೊಸತಲ್ಲ. ಆಗ ನಾವು ಧ್ವನಿಯನ್ನು ಏರಿಸುತ್ತೇವೆ. ಗದ್ದಲವೂ ಜೊತೆಗೇ ಏರುತ್ತದೆ. ರೇಡಿಯೋವನ್ನೇ ತಿರುಗಿಸುವುದು ಮೇಲು.

1955ರಲ್ಲಿ ಆರಂಭವಾದ ಬೆಂಗಳೂರು ನಿಲಯದ, ಶ್ರೋತೃಗಳು ಬಲ್ಲ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರು. ಅದನ್ನು ಗೇಣುದ್ದದ ತಂತಿಸುರುಳಿ ಹಿಡಿಯುವುದೆಂತು? ಅಲೆಯ ಕಾಂತಕ್ಷೇತ್ರವು ಸುರುಳಿಯನ್ನು ಹಾಯ್ದು ಏರಿಳಿಯುವಾಗ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸುರುಳಿಯ ಅಂಚು ನಿಲಯದತ್ತ ಇದ್ದರೆ ಕ್ಷೇತ್ರವು ಅದರ ಬಾಯಿಯ ಮೂಲಕ ಹಾಯುತ್ತದೆ. ಬಾಯಿಯೇ ನಿಲಯದತ್ತ ತಿರುಗಿದರೆ ಹಾಯದು, ಸುರುಳಿ ಕಿವುಡಾಗುತ್ತದೆ. ನಮ್ಮ ಕಿವಿಗೆ ತೀರ ವಿರುದ್ಧವಾದ ನಡತೆ!

ಆ ಕಿವುಡನ್ನೇ ಮೋಟಾರಿಗೆ ಒಡ್ಡಬೇಕು. ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಸುರುಳಿಯು ಫೆರೈಟ್ ಕಡ್ಡಿಯ ಮೇಲಿರುವುದರಿಂದ, ಕಡ್ಡಿಯ ತುದಿಯನ್ನು ಗದ್ದಲದತ್ತ ಹಿಡಿಯಬೇಕು. ನಿಲಯವೂ ಮೋಟಾರೂ ಒಂದೇ ನೇರದಲ್ಲಿದ್ದರೆ ಮಾತ್ರ ಈ ಉಪಾಯ ಸಲ್ಲದು. ಆಗ ಕೋಣೆ ಬದಲಿಸುವುದೇ ಗತಿ.